ಅಮಲು ಇಳಿಸುವ ಅಂಗಳದಲ್ಲಿ

ಮೆಜೆಸ್ಟಿಕ್‌ನಿಂದ ಹೊರಟ ಸಿಟಿ ಬಸ್ಸು ಕಾರ್ಪೊರೇಷನ್, ಲಾಲ್‌ಬಾಗ್, ವಿಲ್ಸನ್ ಗಾರ್ಡನ್ ದಾಟಿ ಹೊಸೂರು ರಸ್ತೆಗೆ ಹೊರಳಿತೆಂದರೆ ಕಂಡಕ್ಟರ್ ಕೂಗುವ ಹೆಸರುಗಳೆಲ್ಲವೂ ಆಸ್ಪತ್ರೆಗಳವೇ. ಕಿದ್ವಾಯಿ, ನಿಮ್ಹಾನ್ಸ್, ಮಕ್ಕಳ ಆಸ್ಪತ್ರೆ. ಕಿದ್ವಾಯಿ ಎಂದರೆ ಕ್ಯಾನ್ಸರ್ ಎಂದೇ ನಮ್ಮ ಜನ ಅರ್ಥ ಮಾಡಿಕೊಂಡಿದ್ದಾರೆ. ಅದು ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಮಂತ್ರಿಗಳೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಿಮ್ಹಾನ್ಸ್ ಎಂಬ ಹೆಸರಿನ ಪಾಡಂತೂ ಇನ್ನೂ ಕಷ್ಟದ್ದು. ಆ ಸ್ಟಾಪಿನಲ್ಲಿ ಇಳಿಯುವವರು ಬಸ್ಸಿನೊಳಗೆ ಯಾರ ಮುಖವನ್ನೂ ನೋಡದೆ ಇಳಿಯುತ್ತಾರೆ.

2023ರ ಮಳೆಗಾಲದಲ್ಲಿ ನಾವು ಮೂವರೂ ಹಾಗೆಯೇ ಇಳಿದೆವು. ಒಬ್ಬ ಹುಡುಗ, ಅವನ ತಂದೆ ಮತ್ತು ನಾನು. ಹುಡುಗ ಹಿಂದೊಮ್ಮೆ ಮದ್ರಸದಲ್ಲಿಯೂ ಆಮೇಲೆ ಶಾಲೆಯಲ್ಲಿಯೂ ನನ್ನ ವಿದ್ಯಾರ್ಥಿ. ಹೆಸರು ಇಲ್ಲಿ ಬೇಡ. ತಂದೆಗೆ ಮೀನಿನ ವ್ಯಾಪಾರ. ಮುಂಜಾನೆ ಮಂಗಳೂರಿನ ಧಕ್ಕೆಯಿಂದ ಮೀನು ತಂದು ಹಳ್ಳಿ ಹಳ್ಳಿಗೆ ಮಾರಿ ನಾಲ್ಕು ಮಕ್ಕಳನ್ನು ಸಾಕಿದವರು. ಹುಡುಗ ಟೈಲ್ಸ್ ಕೆಲಸಕ್ಕೆಂದು ಪೇಟೆಗೆ ಹೋದವನು, ಸೊಂಟನೋವಿಗೆ ಯಾರೋ ಕೊಟ್ಟ ನೋವಿನ ಮಾತ್ರೆಯಿಂದ ಶುರು ಮಾಡಿ, ಅದೇ ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವವರೆಗೆ ಬಂದಿದ್ದ. ಅಫೀಮಿನ ಗುಂಪಿಗೆ ಸೇರಿದ ಇಂತಹ ನೋವಿನ ಮಾತ್ರೆಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಮಾರುವವರಿದ್ದಾರೆ, ಮಾರುತ್ತಿದ್ದಾರೆ.

ಮಂಗಳೂರಿನಲ್ಲಿಯೇ ಒಳ್ಳೆಯ ಮನೋರೋಗ ವಿಭಾಗಗಳಿರುವಾಗ ಘಾಟಿ ಹತ್ತಿ ಮುನ್ನೂರೈವತ್ತು ಕಿಲೋಮೀಟರ್ ದೂರಕ್ಕೆ ಹೋದದ್ದೇಕೆ ಎಂದು ನೀವು ಕೇಳಬಹುದು. ಉತ್ತರ ಸರಳ. ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಮಗಳೊಬ್ಬಳಿದ್ದಾಳೆ. ಈ ಒಂದು ಕಾರಣಕ್ಕಾಗಿ ನಮ್ಮ ಎಷ್ಟು ಮನೆಗಳು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿವೆಯೋ ಅಲ್ಲಾಹನೇ ಬಲ್ಲ.

ನಿಮ್ಹಾನ್ಸ್‌ನ ಆವರಣಕ್ಕೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಮರಗಳು. ಹುಚ್ಚಾಸ್ಪತ್ರೆ ಎಂದು ಸಿನಿಮಾಗಳು ತೋರಿಸುವ ಕತ್ತಲೆ ಕೋಣೆಗಳನ್ನು ನಿರೀಕ್ಷಿಸಿ ಬಂದವರಿಗೆ ಅಲ್ಲಿ ದೊಡ್ಡ ಮರಗಳ ನೆರಳೂ ಹಳೆಯ ಕಲ್ಲಿನ ಕಟ್ಟಡಗಳೂ ಸಿಗುತ್ತವೆ. ಇದರ ಚರಿತ್ರೆ ದೀರ್ಘವಾದುದು. 1847ರಲ್ಲಿ ಬೆಂಗಳೂರಿನ ಪೇಟೆಯ ಬದಿಯಲ್ಲಿ ಆರಂಭವಾದ ಆಶ್ರಯಾಲಯ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1930ರ ದಶಕದಲ್ಲಿ ಈಗಿನ ಜಾಗಕ್ಕೆ ಬಂತು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ವ್ಯಸನಿಗಳಿಗಾಗಿ ಪ್ರತ್ಯೇಕ ಕೇಂದ್ರ ಇಲ್ಲಿ ತೆರೆದದ್ದು 1990ರ ದಶಕದ ಆರಂಭದಲ್ಲಿ. ಅಂದು ಅದರ ಹೆಸರು ‘ಡಿ-ಅಡಿಕ್ಷನ್ ಸೆಂಟರ್’, ಇಂದು ‘ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್’. ಬಿಡಿಸುವ ಕೇಂದ್ರ ಹೋಗಿ ವೈದ್ಯಶಾಸ್ತ್ರದ ಕೇಂದ್ರವಾಯಿತು. ಈ ಹೆಸರಿನ ಬದಲಾವಣೆಯಲ್ಲಿಯೇ ಒಂದು ಪಾಠವಿದೆಯೆಂದು ನನಗೆ ಅರ್ಥವಾಗಲು ಕೆಲವು ದಿನಗಳು ಹಿಡಿದವು.

ಚೀಟಿ ಮಾಡಿಸಿ ಕಾದು ಕುಳಿತಾಗ ಹುಡುಗ ಒಂದೇ ಸಮನೆ ಆಕಳಿಸತೊಡಗಿದ. ತಂದೆ ನನ್ನ ಕಿವಿಯಲ್ಲಿ, “ರಾತ್ರಿ ಬಸ್ಸಿನಲ್ಲಿ ನಿದ್ದೆಯಾಗಿಲ್ಲ ಉಸ್ತಾದ್, ಸ್ವಲ್ಪ ಮಲಗಿದರೆ ಸರಿಯಾಗ್ತಾನೆ” ಎಂದರು. ಅದು ನಿದ್ದೆಯ ಆಕಳಿಕೆಯಲ್ಲ. ಅಫೀಮಿನ ಜಾತಿಯ ಯಾವುದೇ ಪದಾರ್ಥಕ್ಕೆ ಒಗ್ಗಿದ ದೇಹ ಅದು ಸಿಗದಿದ್ದಾಗ ಕೊಡುವ ಮೊದಲ ಸೂಚನೆಯೇ ಆಕಳಿಕೆ. ಕೊನೆಯ ಬಾರಿ ತೆಗೆದುಕೊಂಡ ಎಂಟು-ಹನ್ನೆರಡು ಗಂಟೆಗಳಲ್ಲಿ ಅದು ಶುರುವಾಗುತ್ತದೆ. ಆಮೇಲೆ ಕಣ್ಣು-ಮೂಗಿನಲ್ಲಿ ನೀರು, ಬೆವರು, ಮೈಯೆಲ್ಲ ಮುಳ್ಳೇಳುವುದು, ಹೊಟ್ಟೆ ತೊಳಸಿ ಭೇದಿಯಾಗುವುದು, ಮೂಳೆಯೊಳಗಿಂದ ಎದ್ದಂತಹ ನೋವು. ಎರಡನೆಯ, ಮೂರನೆಯ ದಿನ ಅದರ ಉತ್ಕರ್ಷ. ವಾರ-ಹತ್ತು ದಿನಗಳಲ್ಲಿ ಇಳಿಯುತ್ತದೆ.

ಒಳಗೆ ಕರೆದ ಯುವ ವೈದ್ಯೆ ಹುಡುಗನ ನಾಡಿ ಹಿಡಿದರು, ಕಣ್ಣಿನ ಪಾಪೆ ನೋಡಿದರು, ತೋಳಿನ ರೋಮ ನೋಡಿದರು, ಎಷ್ಟು ಸಲ ಆಕಳಿಸಿದ ಎಂದೂ ಗಮನಿಸಿದರು. ಇದಕ್ಕೆಲ್ಲ ಅಂಕ ಹಾಕುವ ಹನ್ನೊಂದು ಅಂಶಗಳ ಒಂದು ಪಟ್ಟಿಯೇ ಇದೆ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವ ನನ್ನಂಥವನಿಗೆ ಅದು ವಿಚಿತ್ರವಾಗಿ ಕಂಡಿತು. ಇಲ್ಲಿ ಅಂಕ ಹೆಚ್ಚಾದಷ್ಟೂ ಸಂಕಟ ಹೆಚ್ಚು. ಸೂಜಿ ಹಂಚಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ತಗಲಿರುವ ಸಾಧ್ಯತೆಯಿರುವುದರಿಂದ ರಕ್ತ ಪರೀಕ್ಷೆಗೂ ಬರೆದರು.

“ಮದ್ದು ಈಗಲೇ ಕೊಡಬಾರದೇ ಮೇಡಂ? ಹುಡುಗ ಒದ್ದಾಡ್ತಾ ಇದ್ದಾನೆ” ಎಂದರು ತಂದೆ.

“ಇನ್ನೂ ಸ್ವಲ್ಪ ಒದ್ದಾಡಬೇಕು ಅಪ್ಪಾಜಿ” ಎಂದರು ವೈದ್ಯೆ. ಕೇಳಲು ಕಠೋರವಾದ ಮಾತು. ಆದರೆ ಕಾರಣವಿತ್ತು. ಇಂತಹವರಿಗೆ ಕೊಡುವ ಬುಪ್ರೆನಾರ್ಫಿನ್ ಎಂಬ ಮಾತ್ರೆ ಮಿದುಳಿನಲ್ಲಿ ಹಳೆಯ ಅಮಲು ಕುಳಿತಿರುವ ಜಾಗಕ್ಕೇ ಹೋಗಿ ಅದನ್ನು ತಳ್ಳಿ ತಾನು ಕುಳಿತುಕೊಳ್ಳುತ್ತದೆ. ಹಳೆಯದು ಇನ್ನೂ ತುಂಬಿರುವಾಗಲೇ ಕೊಟ್ಟರೆ ಮೂರು ದಿನಗಳಲ್ಲಿ ಬರಬೇಕಾದ ಸಂಕಟವೆಲ್ಲ ಒಂದೇ ಗಂಟೆಯಲ್ಲಿ ಮೈಮೇಲೆ ಬೀಳುತ್ತದೆ. ಆದ್ದರಿಂದ ಸಂಕಟ ತಾನಾಗಿ ಒಂದು ಮಟ್ಟಕ್ಕೆ ಬರುವವರೆಗೆ ಕಾಯಬೇಕು. ಮಧ್ಯಾಹ್ನದ ಹೊತ್ತಿಗೆ ನಾಲಿಗೆಯ ಕೆಳಗೆ ಇಡಲು ಮೊದಲ ಮಾತ್ರೆ ಕೊಟ್ಟರು. ನುಂಗಬಾರದು, ಕರಗುವವರೆಗೆ ಮಾತನಾಡಬಾರದು. ಹುಡುಗ ಬಾಯಿ ಮುಚ್ಚಿಕೊಂಡು ತಂದೆಯ ಮುಖ ನೋಡುತ್ತಾ ಕುಳಿತ. ಒಂದು ಗಂಟೆ ಕಳೆಯುವಷ್ಟರಲ್ಲಿ ಅವನ ನಡುಕ ಕಡಿಮೆಯಾಗಿ, “ಉಪ್ಪಾ, ಹಸಿವಾಗ್ತದೆ” ಎಂದ. ಎರಡು ವರ್ಷಗಳಿಂದ ಮಗನ ಬಾಯಲ್ಲಿ ಈ ಮಾತು ಕೇಳಿರಲಿಲ್ಲವೆಂದು ಆ ಮನುಷ್ಯ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡರು.

ಮಗನ ಜೊತೆ ತಂದೆ ಆಸ್ಪತ್ರೆಯಲ್ಲಿ ಉಳಿದರು. ನಾನು ತಿಲಕ್ ನಗರದ ಸಂಬಂಧಿಕರ ಮನೆಯಲ್ಲಿ ಉಳಿದು, ಬೆಳಿಗ್ಗೆ-ಸಂಜೆ ಹೋಗಿ ಬರುತ್ತಿದ್ದೆ. ಫಜ್ರ್ ನಮಾಝ್ ಮುಗಿಸಿ ನಡೆದೇ ಹೊರಟರೆ ದಾರಿಯಲ್ಲಿ ಪಾಯ ಮಾರುವ ಹೊಟೇಲುಗಳ ಹೊಗೆ, ಗ್ಯಾರೇಜುಗಳ ಬಾಗಿಲು ತೆರೆಯುವ ಸದ್ದು. ಆ ಗಲ್ಲಿಗಳ ತಿರುವುಗಳಲ್ಲಿ ಹದಿಹರೆಯದ ಹುಡುಗರು ಮುಂಜಾನೆಯೇ ಗುಂಪಾಗಿ ನಿಂತಿರುವುದು ಕಂಡರೆ ಹಿಂದೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆ ವಾರ ಮಾತ್ರ ಪ್ರತಿಯೊಬ್ಬನ ಕಣ್ಣಿನ ಪಾಪೆ ನೋಡುವ ಚಟ ಹತ್ತಿತ್ತು.

ಎರಡನೆಯ ದಿನ ಅಪರಾಹ್ನ ಆವರಣದಲ್ಲಿಯೇ ಇರುವ ಮಿದುಳಿನ ಮ್ಯೂಸಿಯಂಗೆ ಹೋದೆ. ನೂರಾರು ಜಾಡಿಗಳಲ್ಲಿ ಮನುಷ್ಯನ ಮಿದುಳುಗಳನ್ನು ದ್ರಾವಣದಲ್ಲಿ ಇಟ್ಟಿದ್ದಾರೆ. ಅಪಘಾತದಲ್ಲಿ ಜಜ್ಜಿದ್ದು, ರಕ್ತಸ್ರಾವವಾದದ್ದು, ಗಡ್ಡೆ ಬೆಳೆದದ್ದು, ಹುಳು ಹೊಕ್ಕದ್ದು. ಕೇಳಿದವರ ಕೈಗೆ ಗವಸು ತೊಡಿಸಿ ನಿಜವಾದ ಒಂದು ಮಿದುಳನ್ನು ಇಡುತ್ತಾರೆ. ಒಂದೂವರೆ ಕಿಲೋಗೂ ಕಡಿಮೆ. ಒಂದು ಸಾಧಾರಣ ಅಂಜಲ್ ಮೀನಿನ ತೂಕವಿಲ್ಲ. ಕೈಯಲ್ಲಿ ಹಿಡಿದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಸಂಕೋಚವಾಯಿತು. ಯಾರೋ ಒಬ್ಬರ ನೆನಪು, ಸಿಟ್ಟು, ಮಕ್ಕಳ ಹೆಸರುಗಳು ಎಲ್ಲವೂ ಇದರಲ್ಲಿದ್ದವು. ವ್ಯಸನದ ಹಾನಿಯೆಲ್ಲವೂ ಕಣ್ಣಿಗೆ ಕಾಣುವಂಥದ್ದಲ್ಲ. ಸುಖ ಮತ್ತು ಬಯಕೆಯ ಸರ್ಕೀಟು ಒಳಗೆ ಆಳದಲ್ಲಿದೆ.

ಸಂಜೆ ಹುಡುಗನ ತಂದೆಗೆ ಇದನ್ನು ಹೇಗೆ ತಿಳಿಸುವುದೆಂದು ಯೋಚಿಸಿ ಅವರದೇ ತಕ್ಕಡಿಯನ್ನು ಉದಾಹರಣೆ ಕೊಟ್ಟೆ. “ಕಾಕಾ, ಒಂದು ತಟ್ಟೆಯಲ್ಲಿ ದಿನಾ ಯಾರೋ ಒಂದು ಕಿಲೋ ಭಾರ ಇಡ್ತಾರೆ. ತಕ್ಕಡಿ ಸರಿಯಿರಲೆಂದು ಮಿದುಳು ಇನ್ನೊಂದು ತಟ್ಟೆಗೆ ತಾನೇ ಒಂದು ಕಿಲೋ ಹಾಕ್ತದೆ. ಒಂದು ದಿನ ಈ ಕಡೆಯ ಭಾರವನ್ನು ತಟ್ಟನೆ ಎತ್ತಿಬಿಟ್ಟರೆ?”

“ಆ ಕಡೆಯದು ನೆಲಕ್ಕೆ ಬಡಿಯುತ್ತದೆ” ಎಂದರು ಅವರು.

ವೈದ್ಯರು ಡಿಟಾಕ್ಸಿಫಿಕೇಶನ್ ಎನ್ನುವುದು, ನಮ್ಮ ಪತ್ರಿಕೆಗಳು ನಿರ್ವಿಷೀಕರಣ ಎಂದು ಬರೆಯುವುದು, ಈ ಬಡಿತವನ್ನು ತಪ್ಪಿಸುವ ಕೆಲಸ. ಭಾರವನ್ನು ತಟ್ಟನೆ ಎತ್ತದೆ ಸ್ವಲ್ಪ ಸ್ವಲ್ಪವಾಗಿ ಇಳಿಸುವುದು.

ಆ ಬಡಿತದಿಂದ ಸಾವು ಬರುತ್ತದೆಯೇ? ಇಲ್ಲಿ ನಮ್ಮ ತಾಯಂದಿರು, ಸಹೋದರಿಯರು ಗಮನವಿಟ್ಟು ತಿಳಿಯಬೇಕಾದ ಒಂದು ವಿಷಯವಿದೆ. ಅಫೀಮು, ಹೆರಾಯಿನ್, ನೋವಿನ ಮಾತ್ರೆಗಳನ್ನು ಬಿಟ್ಟಾಗ ಆಗುವ ಸಂಕಟ ನೋಡಲು ಘೋರವಾದರೂ ಅದರಿಂದಲೇ ಜೀವ ಹೋಗುವುದು ಅಪರೂಪ. ಹೆಚ್ಚು ಅಪಾಯಕಾರಿಯಾದುದು ಮದ್ಯ ಮತ್ತು ನಿದ್ದೆಮಾತ್ರೆಗಳನ್ನು ತಟ್ಟನೆ ಬಿಡುವುದು. ವರ್ಷಗಟ್ಟಲೆ ಪ್ರತಿದಿನ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಗುತ್ತದೆ, ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಬುದ್ಧಿಭ್ರಮಣೆಯಾಗಬಹುದು. ವಾರ್ಡಿನಲ್ಲಿ ತುಮಕೂರು ಕಡೆಯ ಒಬ್ಬ ರೈತರಿದ್ದರು. ಮೂರನೆಯ ದಿನ ಅವರು ಹಾಸಿಗೆಯಿಂದ ಇಲ್ಲದ ಇರುವೆಗಳನ್ನು ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದರು, ಹೆಂಡತಿಯನ್ನು ಗುರುತಿಸುತ್ತಿರಲಿಲ್ಲ. ಅವರಿಗೆ ನರಗಳನ್ನು ಶಾಂತಗೊಳಿಸುವ ಔಷಧವನ್ನೂ ಥಯಾಮಿನ್ ಎಂಬ ವಿಟಮಿನ್ ಬಿ-1 ಅನ್ನೂ ಇಂಜೆಕ್ಷನ್ ಮೂಲಕ ಕೊಡುತ್ತಿದ್ದರು. ಈ ವಿಟಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗುವ ಅಪಾಯವಿದೆ. ಮರುದಿನ ಬಂದಾಗ ಅವರು ಎದ್ದು ಕುಳಿತು, “ಸಾಬ್ರೇ, ನಿಮ್ಮ ಹುಡುಗ ಉಂಡ್ನಾ?” ಎಂದು ನನ್ನನ್ನೇ ಕೇಳಿದರು.

ನಮ್ಮಲ್ಲಿ ಕುಡಿಯುವವರಿಲ್ಲ ಎಂದು ಹೇಳಿಕೊಳ್ಳುವುದು ನಮ್ಮ ಅಭ್ಯಾಸ. ಇದ್ದಾರೆ. ಕದ್ದು ಕುಡಿಯುತ್ತಾರೆ. ಕದ್ದು ಕುಡಿಯುವವನ ಅಪಾಯ ಎರಡು ಪಾಲು. ಬೈಕಿನಿಂದ ಬಿದ್ದು ಕಾಲು ಮುರಿದು ಆಸ್ಪತ್ರೆ ಸೇರುತ್ತಾನೆ. ಕುಡಿತದ ವಿಷಯವನ್ನು ವೈದ್ಯರಿಗೆ ಯಾರೂ ಹೇಳುವುದಿಲ್ಲ. ಮೂರನೆಯ ರಾತ್ರಿ ಅವನು ಗೋಡೆಯ ಮೇಲೆ ಏನನ್ನೋ ನೋಡಿ ಚೀರುತ್ತಾನೆ. ಮನೆಯವರು ಜಿನ್ನ್ ಎಂದು ಮಂತ್ರಿಸಿದ ನೀರು ತರಲು ಓಡುತ್ತಾರೆ. ರಮಝಾನಿನ ಚಂದ್ರ ಕಂಡ ರಾತ್ರಿಯೇ ಬಿಡುತ್ತೇನೆಂದು ಶಪಥ ಮಾಡುವವರೂ ಇದ್ದಾರೆ. ಉದ್ದೇಶ ಉತ್ತಮವೇ. ಆದರೆ ದಿನವೂ ಕುಡಿಯುವವನು ಶಅಬಾನ್ ತಿಂಗಳಲ್ಲಿಯೇ ವೈದ್ಯರ ಬಳಿಗೆ ಹೋದರೆ ಉಪವಾಸವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಒಂದೇ ದಿನ ಮುಚ್ಚಿದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಕೇರಳದಲ್ಲಿ ಆತ್ಮಹತ್ಯೆಗಳು ನಡೆದವು. ವೈದ್ಯರ ಚೀಟಿಯ ಮೇಲೆ ಮದ್ಯ ಕೊಡುವ ಆದೇಶವನ್ನು ಸರಕಾರ ಹೊರಡಿಸಿ, ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಮೇ 4ರಂದು ಅಂಗಡಿಗಳು ತೆರೆದಾಗ ಕಂಡ ಸಾಲುಗಳನ್ನು ನೋಡಿ ನಾವೆಲ್ಲ ನಕ್ಕೆವು. ಆ ಸಾಲಿನಲ್ಲಿ ನಿಂತಿದ್ದವರಲ್ಲಿ ಎಷ್ಟೋ ಮಂದಿ ರೋಗಿಗಳು.

ಇನ್ನು ಹುಡುಗನ ಮೊದಲ ‘ಚಿಕಿತ್ಸೆ’ಯ ಕಥೆ. ನಿಮ್ಹಾನ್ಸ್‌ಗೆ ಬರುವ ಒಂದು ವರ್ಷ ಮೊದಲು ಅವನನ್ನು ಪೇಟೆಯೊಂದರ ಹೊರವಲಯದ ಕೇಂದ್ರಕ್ಕೆ ಸೇರಿಸಿದ್ದರು. ಜಾಹೀರಾತು ನೋಡಿ, ಚಿನ್ನ ಅಡವಿಟ್ಟು. ಅಲ್ಲಿ ವೈದ್ಯರಿರಲಿಲ್ಲ. ಮೊದಲ ಐದು ದಿನ ಕಿಟಕಿಯ ಸರಳಿಗೆ ಕಾಲು ಕಟ್ಟಿದ್ದರು. ಬಟ್ಟೆಯಲ್ಲಿಯೇ ವಾಂತಿ, ಭೇದಿ. ಕೂಗಿದರೆ ಹೊಡೆತ. ಮೂರು ತಿಂಗಳ ನಂತರ “ಪೂರ್ತಿ ಕ್ಲೀನ್” ಎಂದು ಕಳುಹಿಸಿದರು. ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಯಾವುದೇ ರೂಪದಲ್ಲಿ ನಿಷೇಧಿಸಿದೆ. ಮದ್ಯ ಮತ್ತು ಮಾದಕ ವ್ಯಸನದ ರೋಗಿಗಳೂ ಆ ಕಾಯ್ದೆಯ ರಕ್ಷಣೆಯಲ್ಲಿದ್ದಾರೆ. ಇಂತಹ ಕೇಂದ್ರಗಳು ನೋಂದಣಿ ಮಾಡಿಸಲೇಬೇಕು. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ತಂದೆ-ತಾಯಿಗಿದೆ. ರಾತ್ರಿ ಫಿಟ್ಸ್ ಬಂದರೆ ಯಾವ ವೈದ್ಯರು ಬರುತ್ತಾರೆಂದು ಕೇಳುವ ಹಕ್ಕೂ ಇದೆ. ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಅದೇ ಕೇಂದ್ರದಲ್ಲಿದ್ದ ಇನ್ನೊಬ್ಬ ಹುಡುಗನ ಬಗ್ಗೆ ಇವನು ವೈದ್ಯೆಗೆ ಹೇಳಿದ್ದನ್ನು ನಾನು ಬಾಗಿಲ ಬಳಿ ನಿಂತು ಕೇಳಿದೆ. ಆ ಹುಡುಗ ಬಿಡುಗಡೆಯಾದ ಎರಡನೆಯ ದಿನ ಹಳೆಯ ಗೆಳೆಯರನ್ನು ಕಂಡ. ಹಳೆಯ ಲೆಕ್ಕದಲ್ಲಿಯೇ ಚುಚ್ಚಿಕೊಂಡ. ಬಚ್ಚಲಿನ ಬಾಗಿಲು ಒಡೆದು ತೆಗೆಯುವಷ್ಟರಲ್ಲಿ ಮುಗಿದಿತ್ತು. ವೈದ್ಯೆ ಪೆನ್ನು ಕೆಳಗಿಟ್ಟು, ತಂದೆಯನ್ನೂ ನನ್ನನ್ನೂ ಒಳಗೆ ಕರೆದರು. ಅಂದು ಅವರು ವಿವರಿಸಿದ್ದೇ ಈ ಪ್ರವಾಸದಿಂದ ನಾನು ತಂದ ಮುಖ್ಯ ಸರಕು.

ದೇಹ ಶುದ್ಧವಾದಾಗ ಅಮಲನ್ನು ತಡೆದುಕೊಳ್ಳುವ ಅದರ ಶಕ್ತಿಯೂ ಹೋಗುತ್ತದೆ. ನಿನ್ನೆ ಹತ್ತು ಮಾತ್ರೆ ತಡೆದವನಿಗೆ ಇಂದು ನಾಲ್ಕೇ ಸಾಕು ಉಸಿರು ನಿಲ್ಲಲು. ಆದರೆ ಮನಸ್ಸು ಹಳೆಯ ಲೆಕ್ಕವನ್ನೇ ನೆನಪಿಟ್ಟಿರುತ್ತದೆ. ಆದ್ದರಿಂದ ಅಫೀಮಿನ ಗುಂಪಿನ ವ್ಯಸನಿಗೆ ಬರೀ ನಿರ್ವಿಷೀಕರಣ ಮಾಡಿ, ಮುಂದಿನ ಚಿಕಿತ್ಸೆಯಿಲ್ಲದೆ ಮನೆಗೆ ಕಳುಹಿಸುವುದು ಅವನನ್ನು ಮೊದಲಿಗಿಂತ ದೊಡ್ಡ ಅಪಾಯಕ್ಕೆ ದೂಡಿದಂತೆ. ಆಸ್ಪತ್ರೆಯಿಂದ, ಜೈಲಿನಿಂದ, ಇಂತಹ ಕೇಂದ್ರಗಳಿಂದ ಹೊರಬಂದ ಮೊದಲ ವಾರಗಳೇ ಅತ್ಯಂತ ಅಪಾಯದ ಕಾಲ.

“ಹಾಗಾದರೆ ಈ ಹತ್ತು ದಿನ?” ಎಂದು ಕೇಳಿದೆ.

“ಇದು ಮೊದಲ ಮೆಟ್ಟಿಲು ಸರ್. ಇದು ಸುಲಭದ್ದು” ಎಂದರು.

ಮುಂದಿನ ದಾರಿ ಎರಡು. ಒಂದು, ಇದೇ ಬುಪ್ರೆನಾರ್ಫಿನ್ ಮಾತ್ರೆಯನ್ನು ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ, ವೈದ್ಯರ ಲೆಕ್ಕದಲ್ಲಿ ಮುಂದುವರಿಸುವುದು. ಇನ್ನೊಂದು, ದೇಹ ಪೂರ್ತಿ ಖಾಲಿಯಾದ ಮೇಲೆ ನಾಲ್‌ಟ್ರೆಕ್ಸೋನ್ ಎಂಬ, ಅಮಲು ಏರದಂತೆ ತಡೆಯುವ ಮಾತ್ರೆಯನ್ನು ತೆಗೆದುಕೊಳ್ಳುವುದು. ಎರಡರ ಜೊತೆಗೂ ಸಮಾಲೋಚನೆ, ಕೆಲಸ, ಗೆಳೆಯರ ಬದಲಾವಣೆ. ಇವನಿಗೆ ಮೊದಲನೆಯದು ಸೂಕ್ತವೆಂದು ವೈದ್ಯರು ಹೇಳಿದರು.

ತಂದೆಗೆ ಇದು ಸಮಾಧಾನ ಕೊಡಲಿಲ್ಲ. ಹೊರಗೆ ಮರದ ಕೆಳಗೆ ಕುಳಿತು, “ಒಂದು ಮತ್ತು ಬಿಡಿಸಲಿಕ್ಕೆ ಇನ್ನೊಂದು ಮತ್ತಾ ಉಸ್ತಾದ್? ಇದು ಹಲಾಲಾ?” ಎಂದು ಕೇಳಿದರು. ಪೇಟೆಯ ಮೆಡಿಕಲ್ ಶಾಪಿನವರಲ್ಲಿ ಕೇಳುವ ಪ್ರಶ್ನೆಯಲ್ಲ ಇದು. ನನ್ನನ್ನು ಕರೆದುಕೊಂಡು ಬಂದದ್ದೇ ಇದಕ್ಕಿರಬೇಕು. ಫಿಕ್‌ಹ್ ಗ್ರಂಥಗಳನ್ನು ಓದಿದವರಿಗೆ ‘ದರೂರತ್’ ಎಂಬ ಮಾತು ಹೊಸತಲ್ಲ. ಜೀವಕ್ಕೆ ಕುತ್ತು ಬಂದಾಗ, ಬೇರೆ ದಾರಿಯಿಲ್ಲದಾಗ, ಅಗತ್ಯವಿರುವಷ್ಟು ಮಾತ್ರ. ಶಸ್ತ್ರಚಿಕಿತ್ಸೆಗೆ ಮೊದಲು ಪ್ರಜ್ಞೆ ತಪ್ಪಿಸುವಾಗ ನಾವು ಯಾರೂ ಈ ಪ್ರಶ್ನೆ ಎತ್ತುವುದಿಲ್ಲ. ಈ ಮಾತ್ರೆ ಸರಿಯಾದ ಪ್ರಮಾಣದಲ್ಲಿ ನಶೆ ಏರಿಸುವುದಕ್ಕಲ್ಲ, ನಶೆಯ ಹಿಂದೆ ಓಡದೆ ಮನುಷ್ಯ ಕೆಲಸಕ್ಕೆ ಹೋಗುವಂತೆ ಮಾಡುವುದಕ್ಕೆ. ಸಕ್ಕರೆ ಕಾಯಿಲೆಯವನು ಇನ್ಸುಲಿನ್‌ಗೆ ದಾಸನಾದ ಎಂದು ಯಾರಾದರೂ ಹೇಳುತ್ತಾರೆಯೇ? ನಾನು ಇಷ್ಟು ಹೇಳಿದೆ. ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದರೆಂದು ನನಗೆ ಅನ್ನಿಸಲಿಲ್ಲ.

ಮನೆಯವರ ಇನ್ನೊಂದು ಭಯ ಪೊಲೀಸರದ್ದು. ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆಂಬ ಮಾತು ಊರೂರಲ್ಲಿ ಹಬ್ಬಿದೆ. 1985ರ ಮಾದಕ ವಸ್ತು ತಡೆ ಕಾಯ್ದೆ ಎನ್‌ಡಿಪಿಎಸ್‌ನಲ್ಲಿಯೇ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ಹೂಡದಿರಲು ಅದು ಅವಕಾಶ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗುತ್ತದೆ. ಮಾರಾಟಗಾರನಿಗೆ ಇದು ಅನ್ವಯಿಸುವುದಿಲ್ಲ.

2019ರಲ್ಲಿ ಕೇಂದ್ರ ಸರಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ ಪ್ರಕಟವಾಯಿತು. ಅಫೀಮಿನ ಗುಂಪಿನ ಪದಾರ್ಥಗಳಿಂದಾಗಿ ನೆರವು ಬೇಕಾದ ಸ್ಥಿತಿಯಲ್ಲಿರುವವರು ದೇಶದಲ್ಲಿ ಸುಮಾರು 77 ಲಕ್ಷ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದೇ ಚಿಕಿತ್ಸೆ ಪಡೆದವನು ಒಬ್ಬನೇ. ಉಳಿದ 37 ಮಂದಿಯನ್ನು ಮನೆಯ ಹೆಂಗಸರು ತಮ್ಮ ಮೈಮೇಲೆ ಹೊತ್ತು ನಡೆಸುತ್ತಿದ್ದಾರೆ. ಕರಾವಳಿಯಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನಾನು ನೋಡಿದ್ದೇನೆ. ಅಲ್ಲಿ ಊರೇ ಸೇರಿ ಕುಡುಕನನ್ನು ಶಿಬಿರಕ್ಕೆ ಕಳುಹಿಸುತ್ತದೆ, ಮುಗಿದ ದಿನ ಹೆಂಡತಿ-ಮಕ್ಕಳನ್ನು ವೇದಿಕೆಗೆ ಕರೆದು ಕುಳ್ಳಿರಿಸುತ್ತದೆ. ನಮ್ಮ ಹೆಚ್ಚಿನ ಜಮಾಅತ್‌ಗಳ ಬಳಿ ಇರುವುದು ಒಂದೇ ಅಸ್ತ್ರ, ಬಹಿಷ್ಕಾರದ ಬೆದರಿಕೆ. ಮಾರುವವನಿಗೆ ಅದು ಬೇಕಾಗಬಹುದು. ಸೇವಿಸುವವನಿಗೆ ಅದನ್ನೇ ತೋರಿಸಿದರೆ ಅವನ ಉಮ್ಮ ಬಾಗಿಲು ಮುಚ್ಚಿಕೊಳ್ಳುತ್ತಾಳೆ, ಅಷ್ಟೆ. ಮಸೀದಿಯ ನೋಟೀಸ್ ಬೋರ್ಡಿನಲ್ಲಿ ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416 ಎಂಬ ಎರಡು ಸಂಖ್ಯೆಗಳನ್ನು ಬರೆಯಲು ಸುಣ್ಣದ ಕಡ್ಡಿ ಸಾಕು.

ನಾಲ್ಕು ದಿನ ಉಳಿದು ನಾನು ಊರಿಗೆ ಮರಳಿದೆ. ಅವರಿಬ್ಬರೂ ಮತ್ತೆರಡು ವಾರ ಕಳೆದು ಬಂದರು. ಮನೆಯಲ್ಲಿ ಮಾತ್ರೆಯ ಪಟ್ಟಿಯ ಜವಾಬ್ದಾರಿ ಉಮ್ಮನದು. ಅವರು ಓದು ಬಾರದವರು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಾರೆ. ಮಗ ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು ಕರಗುವವರೆಗೆ ಎದುರಿಗೇ ಕುಳಿತಿರಬೇಕು. ಹುಡುಗ ತಂದೆಯ ಜೊತೆ ಧಕ್ಕೆಗೆ ಹೋಗತೊಡಗಿದ. ಐದನೆಯ ತಿಂಗಳಲ್ಲಿ, ಅಕ್ಕನ ನಿಕಾಹ್ ಮುಗಿದ ವಾರ, ಹಳೆಯ ಗೆಳೆಯನೊಬ್ಬನ ಜೊತೆ ಎರಡು ದಿನ ಕಾಣೆಯಾದ. ಮೂರನೆಯ ದಿನ ತಾನೇ ಬಂದು ಹೇಳಿದ. ತಂದೆ ನನಗೆ ಫೋನು ಮಾಡಿ, “ಎಲ್ಲವೂ ನೀರಿಗೆ ಹೋಯಿತು” ಎಂದು ಅತ್ತರು. ಈ ಬಾರಿ ಮಂಗಳೂರಿನ ಆಸ್ಪತ್ರೆಗೇ ಹೋದರು. ಊರಿನವರು ಇಬ್ಬರು ವರಾಂಡದಲ್ಲಿ ಸಿಕ್ಕಿದರಂತೆ. ಅವರಲ್ಲೊಬ್ಬರು ತಮ್ಮ ಅಳಿಯನನ್ನು ಕರೆತಂದಿದ್ದರು.

ಅಲ್ಲಿ ಆರು ದಿನಗಳಲ್ಲಿ ಮನೆಗೆ ಕಳುಹಿಸಿದರು. ಮಾತ್ರೆಯ ಪ್ರಮಾಣವನ್ನು ಸ್ವಲ್ಪ ಏರಿಸಿದರು. ಎರಡು ವಾರಕ್ಕೊಮ್ಮೆ ಹುಡುಗ ತಾನೊಬ್ಬನೇ ಬಸ್ಸು ಹತ್ತಿ ಹೋಗಿ ಬರುತ್ತಾನೆ. ಮೊನ್ನೆ ದಾರಿಯಲ್ಲಿ ಸಿಕ್ಕಿದವನು ಸಲಾಂ ಹೇಳಿ, ಬುಟ್ಟಿಯಿಂದ ನಾಲ್ಕು ಬಂಗುಡೆ ತೆಗೆದು ಕಟ್ಟಿಕೊಟ್ಟ. ದುಡ್ಡು ಕೊಡಲು ಹೋದರೆ, “ಕ್ಯಾಲೆಂಡರ್ ಮುಗಿಯುತ್ತಾ ಬಂತು ಉಸ್ತಾದ್, ಉಮ್ಮನಿಗೆ ಹೊಸದೊಂದು ತಂದುಕೊಡಿ, ಮಸೀದಿಯಲ್ಲಿ ಕೊಡ್ತಾರಲ್ಲಾ” ಎಂದ.